ನೌಕಾಯಾನದ ಹಿಂದುಮುಂದು: ಒಂದು ಶಾಸ್ತ್ರೀಯ ವಿವೇಚನೆ

ಯುರೋಪಿನ ರಿವರ್ ಕ್ರೂಸ್‌ಗೆ ಮೂರು ಅಂಗಗಳು: ಪೂರ್ವಾಂಗ, ಪ್ರಧಾನಾಂಗ, ಉತ್ತರಾಂಗ. ಹಡಗು ಹತ್ತುವ ಮೊದಲು ಸುತ್ತುವುದು ಪೂರ್ವಾಂಗ. ಹಡಗಿನಿಂದ ಇಳಿದ ಮೇಲೆ ಸುತ್ತುವುದು ಉತ್ತರಾಂಗ. ಇವೆರಡರ ನಡುವೆ ಯಾತ್ರಿಕನು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ ಸುಧಾರಿಸಿಕೊಳ್ಳುವ ಏಳು ರಾತ್ರಿಗಳೇ ಪ್ರಧಾನಾಂಗ. ಅದನ್ನು ಪ್ರಧಾನ ಎನ್ನುವುದಕ್ಕೆ ಕಾರಣ ಒಂದೇ, ದುಡ್ಡಿನ ದೊಡ್ಡ ಪಾಲು ಅಲ್ಲಿ ಹೋಗುತ್ತದೆ.

ನದಿಯ ಬಗ್ಗೆ, ಹಡಗಿನ ಬಗ್ಗೆ, ಹಡಗಿನ ಊಟದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಹಿಂದುಮುಂದಿನ ಬಗ್ಗೆ ಕ್ರಮವಾಗಿ ಆಲೋಚಿಸಿದವರು ಕಡಿಮೆ. ಆ ಕೊರತೆಯನ್ನು ನೀಗಿಸುವುದು ಈ ಲೇಖನದ ಉದ್ದೇಶ. ಓದುಗರು ಪೆನ್ಸಿಲ್ ಹಿಡಿದು ಕೂತರೆ ಒಳ್ಳೆಯದು.

ಮೊದಲು ಪ್ರಧಾನಾಂಗವನ್ನು ಬೇಗ ಮುಗಿಸಿಬಿಡೋಣ. ಡ್ಯಾನ್ಯೂಬ್, ರೈನ್ ನದಿಗಳ ದೊಡ್ಡ ಕ್ರೂಸ್ ಹಡಗು ಸಾಮಾನ್ಯವಾಗಿ 135 ಮೀಟರ್ ಉದ್ದ, 11.4 ಮೀಟರ್ ಅಗಲ. ಇಷ್ಟುದ್ದ ಬೆಳೆದೂ ಇಷ್ಟು ಸಪೂರವಾಗಿರಲು ಕಾರಣ ದಾರಿಯಲ್ಲಿ ಸಿಗುವ ಲಾಕ್‌ಗಳು. ಹಡಗನ್ನು ಒಳಗೆ ಕೂಡಿಹಾಕಿ, ನೀರು ತುಂಬಿಸಿಯೋ ಬಸಿದೋ ಮೇಲೆ ಕೆಳಗೆ ಮಾಡುವ ಈ ತೊಟ್ಟಿಗಳು ಮೈನ್ ನದಿಯಲ್ಲೂ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲೂ 12 ಮೀಟರ್ ಅಗಲ ಇವೆ. ಎಂದರೆ ಹಡಗಿನ ಎರಡೂ ಮಗ್ಗುಲಲ್ಲಿ ಗೇಣು ಚಿಲ್ಲರೆ ಜಾಗ ಉಳಿಯುತ್ತದೆ. ಹೆಚ್ಚು ಹಣ ಕೊಟ್ಟು ಬಾಲ್ಕನಿ ಕೋಣೆ ಹಿಡಿದವರಿಗೆ ಒದ್ದೆ ಕಾಂಕ್ರೀಟ್ ಗೋಡೆಯ ಸಾಮೀಪ್ಯ ಲಭಿಸುತ್ತದೆ. ಊರು ಸೇರಿದ ಮೇಲೆ ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕಕ್ಕೆ ಒಂದು ಅಂಟಿಸಿ ಕಟ್ಟುವುದೂ ಉಂಟು. ಆಗ ಕಿಟಕಿಯ ಪರದೆ ಸರಿಸಿದರೆ ಪಕ್ಕದ ಹಡಗಿನಲ್ಲಿ ಒಬ್ಬರು ಹಲ್ಲುಜ್ಜುತ್ತಿರುವುದು ಕಾಣಿಸುತ್ತದೆ. ಇನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಹಡಗು ಸಾಗುವುದು ಹೆಚ್ಚಾಗಿ ರಾತ್ರಿ, ಯಾತ್ರಿಕನು ನಿದ್ದೆಯಲ್ಲಿದ್ದಾಗ. ಇದರಿಂದ ಸಿದ್ಧವಾಗುವುದು ಇಷ್ಟು: ನದಿಯನ್ನು ನೋಡಬೇಕಾದರೆ ಹಡಗಿನಿಂದ ಇಳಿಯಬೇಕು. ಹಿಂದುಮುಂದಿನ ಶಾಸ್ತ್ರ ಇಲ್ಲಿಂದ ಪ್ರಾರಂಭ.

ಯೋಜನೆಯನ್ನು ಎಷ್ಟು ಮೊದಲು ಶುರುಮಾಡಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇತಿಹಾಸದಲ್ಲಿ ಇದಕ್ಕೆ ಮೇಲ್ಪಂಕ್ತಿ ಇದೆ. ರೈನ್ ಕಡೆಯ ನೀರಿಗೂ ಡ್ಯಾನ್ಯೂಬ್ ಕಡೆಯ ನೀರಿಗೂ ನಂಟು ಬೆಸೆಯಬೇಕೆಂದು ಚಾರ್ಲ್‌ಮೇನ್ ದೊರೆ 793ರಲ್ಲಿ ಕಾಲುವೆ ತೋಡಿಸಲು ಶುರುಮಾಡಿದ. ಈಗಿನ ಮೈನ್-ಡ್ಯಾನ್ಯೂಬ್ ಕಾಲುವೆ ಸಂಚಾರಕ್ಕೆ ತೆರೆದದ್ದು 1992ರ ಸೆಪ್ಟೆಂಬರ್ 25ರಂದು. ಬಾಂಬೆರ್ಗ್‌ನಿಂದ ಕೆಲ್‌ಹೈಮ್‌ವರೆಗೆ 171 ಕಿ.ಮೀ. ಉದ್ದದ ಈ ಕಾಲುವೆಯಲ್ಲಿ ಹಡಗು ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಏರಿ ಆಚೆ ಇಳಿಯುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಹತ್ತಿದವರು ಬುಡಾಪೆಸ್ಟ್‌ನಲ್ಲಿ ಇಳಿಯಲು ಸಾಧ್ಯವಾದದ್ದು ಇದರಿಂದ. ಆಲೋಚನೆಗೂ ಆಚರಣೆಗೂ ನಡುವೆ 1,199 ವರ್ಷ. ನೀವು ಅಷ್ಟು ಮುಂಚೆ ಕೂರಬೇಕಾಗಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಹಾಕುವಂತಿಲ್ಲ ಎಂಬ ನಿರ್ಬಂಧ ಚಾರ್ಲ್‌ಮೇನ್‌ಗೆ ಇರಲಿಲ್ಲ, ನಿಮಗಿದೆ.

ಈಗ ಪೂರ್ವಾಂಗ. ಇದರ ಮೂಲಸೂತ್ರವನ್ನು ಎಲ್ಲ ಅನುಭವಸ್ಥರೂ ಒಪ್ಪುತ್ತಾರೆ: ಹಡಗು ಹತ್ತುವ ಊರನ್ನು ಒಂದು ದಿನ ಮುಂಚಿತವಾಗಿ ಸೇರಬೇಕು. ವಿಮಾನ ತಡವಾಗಬಹುದು, ಸೂಟ್‌ಕೇಸ್ ಬೇರೆ ಊರಿಗೆ ಹೋಗಬಹುದು, ಹಡಗು ಯಾರಿಗೂ ಕಾಯುವುದಿಲ್ಲ. ಸೂತ್ರ ಸರಳವಾಗಿದೆ, ವ್ಯಾಖ್ಯಾನವಷ್ಟೇ ವಿಸ್ತಾರ. ಇಳಿದ ದಿನ ಲೆಕ್ಕಕ್ಕಿಲ್ಲ, ಏಕೆಂದರೆ ಅಂದು ತಲೆ ಭಾರ. ಮರುದಿನವೂ ಲೆಕ್ಕಕ್ಕಿಲ್ಲ, ಏಕೆಂದರೆ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಊರು ನೋಡಬೇಕು. ಇಷ್ಟು ದೂರ ಬಂದು ಒಂದೇ ಊರು ನೋಡುವುದೇ ಎಂದು ನಾಲ್ಕನೆಯ ದಿನ ಪಕ್ಕದ ಊರು. ಪಕ್ಕದ ಊರಿನಿಂದ ಬಂದ ಆಯಾಸಕ್ಕೆ ಐದನೆಯ ದಿನ ವಿಶ್ರಾಂತಿ. ಹೀಗೆ ಸೂತ್ರ ಹೇಳುವ ಒಂದು ದಿನಕ್ಕೆ ಕನಿಷ್ಠ ಐದು ದಿನ ಬೇಕಾಗುತ್ತದೆ. ಇದನ್ನು ಅನಾವಶ್ಯಕವೆನ್ನುವವರು ಸೂತ್ರವನ್ನಷ್ಟೇ ಓದಿ ಭಾಷ್ಯ ಓದದವರು.

ಜೆಟ್ ಲ್ಯಾಗ್ ಕುರಿತು ಒಂದು ಆಕ್ಷೇಪವನ್ನು ಇಲ್ಲೇ ಪರಿಹರಿಸಬೇಕು. ಲಾಸ್ ಏಂಜಲಿಸ್‌ಗೂ ಮಧ್ಯ ಯುರೋಪಿಗೂ ಸಾಮಾನ್ಯವಾಗಿ ಒಂಬತ್ತು ಗಂಟೆ ವ್ಯತ್ಯಾಸ, ಬೆಂಗಳೂರಿಗೂ ಮಧ್ಯ ಯುರೋಪಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ಮಾತ್ರ. ಹಾಗಾದರೆ ಅಮೆರಿಕದವರಿಗಾಗಿ ಹುಟ್ಟಿದ ನಿಯಮ ನಮಗೇಕೆ ಎಂಬುದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಕ್ರೂಸ್‌ನ ದರದಲ್ಲಿ ಕಂಪನಿ ಬೆಂಗಳೂರಿನವರಿಗೆಂದು ಏನನ್ನೂ ಕಡಿಮೆ ಮಾಡುವುದಿಲ್ಲ. ಪೂರ್ತಿ ಹಣ ಕೊಟ್ಟವರಿಗೆ ಪೂರ್ತಿ ಜೆಟ್ ಲ್ಯಾಗ್‌ನ ಹಕ್ಕು ಇದೆ. ಅಲ್ಲದೆ ಯುರೋಪಿನ ವಿಮಾನಗಳು ನಮ್ಮಲ್ಲಿಂದ ಹೊರಡುವುದು ಹೆಚ್ಚಾಗಿ ಅಪರಾತ್ರಿಯಲ್ಲಿ. ಅದಕ್ಕಾಗಿ ಜಯನಗರದಿಂದ ಸಂಜೆಯೇ ಹೊರಟು, ಟ್ರಾಫಿಕ್ಕಿನಲ್ಲಿ ದೇವನಹಳ್ಳಿ ಮುಟ್ಟುವ ಹೊತ್ತಿಗೆ ದೇಹದ ಗಡಿಯಾರ ಯಾವ ದೇಶದ್ದೂ ಅಲ್ಲದ ಸ್ಥಿತಿ ತಲುಪಿರುತ್ತದೆ. ಎಚ್ಚರವುಳ್ಳ ಯಾತ್ರಿಕನು ಹಿಂದಿನ ದಿನವೇ ವಿಮಾನ ನಿಲ್ದಾಣದ ಹತ್ತಿರ ಹೋಟೆಲ್ ಹಿಡಿದು ತಂಗುತ್ತಾನೆ. ಇದಕ್ಕೆ ಪೂರ್ವಾಂಗದ ಪೂರ್ವಾಂಗ ಎಂದು ಹೆಸರು.

ಇನ್ನು ಯಾವ ಊರಿಗೆ ಹೋಗಬೇಕು? ಈ ವಿಷಯದಲ್ಲಿ ಶಾಸ್ತ್ರ ನಿಷ್ಠುರವಾಗಿದೆ: ಪೂರ್ವಾಂಗದ ಊರು ಕ್ರೂಸ್ ಸಾಗುವ ನದಿಯ ಮೇಲೆ ಇರಕೂಡದು. ಡ್ಯಾನ್ಯೂಬ್ ಕ್ರೂಸ್‌ನವರು ಮೊದಲು ಪ್ರಾಗ್‌ಗೆ ಹೋಗುತ್ತಾರೆ. ಪ್ರಾಗ್ ಇರುವುದು ವಲ್ತಾವಾ ನದಿಯ ಮೇಲೆ. ಆ ನೀರು ಎಲ್ಬೆ ನದಿಯನ್ನು ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಡ್ಯಾನ್ಯೂಬಿನ ನೀರು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಎರಡು ನದಿಗಳೂ ಒಂದಕ್ಕೊಂದು ಬೆನ್ನು ಹಾಕಿ ಹರಿಯುವುದರಿಂದ ಅವನ್ನು ಹೊಲಿಯಲು ಬಸ್ಸು ಬೇಕು. ಪ್ರಾಗ್‌ನಿಂದ ಪಸ್ಸಾವ್‌ಗೋ ರೇಗೆನ್ಸ್‌ಬುರ್ಗ್‌ಗೋ ಯಾತ್ರಿಕರನ್ನು ತುಂಬಿಕೊಂಡು ಹೋಗುವ ಆ ಬಸ್ಸಿನಲ್ಲಿ ಕೂತಾಗಲೇ ಕ್ರೂಸ್‌ನ ನಿಜವಾದ ಲಯ ಅರಿವಿಗೆ ಬರುವುದು. ದೋರು ನದಿಯ ಕ್ರೂಸ್ ಪೋರ್ತೊದಿಂದ ಹೊರಡುತ್ತದೆ, ಆದ್ದರಿಂದ ಮೊದಲು ಸುಮಾರು 300 ಕಿ.ಮೀ. ದಕ್ಷಿಣಕ್ಕೆ ಟೇಗಸ್ ನದಿಯ ಮೇಲಿರುವ ಲಿಸ್ಬನ್‌ಗೆ ಇಳಿಯುತ್ತಾರೆ. ಡ್ಯಾನ್ಯೂಬಿನ ಕೆಳದಾರಿಯಲ್ಲಿ ಬುಡಾಪೆಸ್ಟ್‌ನಿಂದ ಬುಕಾರೆಸ್ಟ್‌ಗೆ ಕ್ರೂಸ್ ಇದೆ. ಬುಕಾರೆಸ್ಟ್ ಡ್ಯಾನ್ಯೂಬಿನ ಮೇಲಿಲ್ಲ. ಸುಮಾರು 60 ಕಿ.ಮೀ. ದೂರದ ಜುರ್ಜು ಎಂಬಲ್ಲಿ ಇಳಿಸಿ ಬಸ್ಸು ಹತ್ತಿಸುತ್ತಾರೆ.

ಈ ತತ್ತ್ವದ ಪರಾಕಾಷ್ಠೆ ಪ್ಯಾರಿಸ್-ಪ್ರಾಗ್ ಕ್ರೂಸ್. ಪ್ಯಾರಿಸ್ ಇರುವುದು ಸೇನ್ ನದಿಯ ಮೇಲೆ, ಪ್ರಾಗ್ ಇರುವುದು ವಲ್ತಾವಾದ ಮೇಲೆ. ಹಡಗು ಓಡಾಡುವುದು ಮೊಸೆಲ್, ರೈನ್, ಮೈನ್ ನದಿಗಳಲ್ಲಿ. ಹೆಸರಿನಲ್ಲಿರುವ ಎರಡು ಊರುಗಳಲ್ಲಿ ಒಂದನ್ನೂ ಹಡಗು ಮುಟ್ಟುವುದಿಲ್ಲ. ಹೆಸರನ್ನು ಪೂರ್ವಾಂಗದಿಂದ ಅರ್ಧ, ಉತ್ತರಾಂಗದಿಂದ ಅರ್ಧ ಪಡೆದುಕೊಂಡು, ನಡುವಿನ ಪ್ರಧಾನಾಂಗವು ವಿನಯದಿಂದ ಹಿಂದೆ ಸರಿದಿದೆ. ಕ್ರೂಸ್ ಕಂಪನಿಗಳೂ ಈ ಶಾಸ್ತ್ರವನ್ನು ಆಳವಾಗಿ ಅಧ್ಯಯನ ಮಾಡಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದಿನದು ವೀಸಾ ಪ್ರಕರಣ. ಷೆಂಗೆನ್ ವೀಸಾವನ್ನು ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ಹಾಗೆ ನಿರ್ಧರಿಸಲು ಆಗದಿದ್ದರೆ, ಮೊದಲು ಯಾವ ದೇಶದ ಗಡಿಯಿಂದ ಒಳಬರುತ್ತೀರೋ ಅಲ್ಲಿಂದ. ಹಡಗಿನಲ್ಲಿ ಜರ್ಮನಿಯಲ್ಲಿ ಊಟ ಮಾಡಿ ಮಲಗಿದವನು ಆಸ್ಟ್ರಿಯಾದಲ್ಲಿ ಎದ್ದು, ಸ್ಲೊವಾಕಿಯಾದಲ್ಲಿ ಅರ್ಧ ದಿನ ಅಡ್ಡಾಡಿ, ಹಂಗೇರಿಯಲ್ಲಿ ಇಳಿಯುತ್ತಾನೆ. ಈ ಗೊಂದಲಕ್ಕೆ ಪರಿಹಾರ ಪೂರ್ವಾಂಗದಲ್ಲೇ ಇದೆ. ಪ್ರಾಗ್‌ನಲ್ಲಿ ಐದು ದಿನ ಇಟ್ಟುಕೊಂಡರೆ ಹೆಚ್ಚು ದಿನ ಉಳಿಯುವ ದೇಶ ಝೆಕಿಯಾ ಆಗುತ್ತದೆ. ಎಂದರೆ ಹಡಗು ಕಾಲಿಡದ ದೇಶದ ವೀಸಾ ಮೇಲೆ ಹಡಗು ಹತ್ತಬಹುದು. ಆದರೆ ಉತ್ತರಾಂಗದಲ್ಲಿ ಬುಡಾಪೆಸ್ಟ್‌ಗೆ ಒಂದು ದಿನ ಸೇರಿಸಿದ ಕೂಡಲೇ ತಕ್ಕಡಿ ಅಲುಗುತ್ತದೆ. ಸಮ ಮಾಡಲು ಪ್ರಾಗ್‌ಗೆ ಇನ್ನೊಂದು ದಿನ. ಅದಕ್ಕೆ ಮಡದಿಯು, ಹಾಗಾದರೆ ವಿಯೆನ್ನಾಗೂ ಒಂದು ದಿನ ಎನ್ನುತ್ತಾಳೆ. ಈ ಹಂತದಲ್ಲಿ ಎಕ್ಸೆಲ್ ಶೀಟ್ ತೆರೆದು ದೇಶಕ್ಕೊಂದು ಬಣ್ಣ ಕೊಡುವುದು ವಿಹಿತ. ವಯಸ್ಕರಿಗೆ ವೀಸಾ ಶುಲ್ಕ 90 ಯೂರೋ, ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತಕ್ಕೆ ಇರಬೇಕು. ಕೆಳಡ್ಯಾನ್ಯೂಬಿಗೆ ಹೋಗುವವರು ನಡುವೆ ಸಿಗುವ ಸೆರ್ಬಿಯಾ ಷೆಂಗೆನ್‌ಗೆ ಸೇರಿಲ್ಲವೆಂಬುದನ್ನು ಮರೆಯದೆ ಮಲ್ಟಿಪಲ್ ಎಂಟ್ರಿ ಕೇಳಬೇಕು, ಇಲ್ಲವಾದರೆ ಉತ್ತರಾಂಗ ಪೂರ್ತಿ ಬೆಲ್‌ಗ್ರೇಡ್‌ನಲ್ಲೇ ನಡೆದೀತು.

ಹಿಂದುಮುಂದನ್ನು ಎಷ್ಟು ಬೇಕಾದರೂ ಬೆಳೆಸಬಹುದೇ? ಬೆಳೆಸಬಹುದು, ಆದರೆ ಷೆಂಗೆನ್ ನಿಯಮದಂತೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಏಳು ರಾತ್ರಿಯ ಕ್ರೂಸ್ ಎಂದರೆ ಎಂಟು ದಿನ. ತೊಂಬತ್ತರಲ್ಲಿ ಎಂಟು ಕಳೆದರೆ 82. ಎರಡು ಪಾಲು ಮಾಡಿದರೆ ಹಡಗಿಗೆ ಮೊದಲು 41 ದಿನ, ಹಡಗಿನ ನಂತರ 41 ದಿನ. ಶೇಷ ಉಳಿಯುವುದಿಲ್ಲ. ಬ್ರಸೆಲ್ಸ್‌ನಲ್ಲಿ ಕೂತು ಆ ಕಾನೂನು ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲಗೇಜ್ ವಿಷಯದಲ್ಲಿ ಎರಡೇ ಮಾತು. ಸೂಟ್‌ಕೇಸನ್ನು ಒಮ್ಮೆ ಬಿಚ್ಚಿದರೆ ಸಾಕು, ಊರುಗಳೇ ನಿಮ್ಮ ಬಾಗಿಲಿಗೆ ಬರುತ್ತವೆ ಎಂಬುದು ರಿವರ್ ಕ್ರೂಸ್‌ನ ಪ್ರಸಿದ್ಧ ಆಕರ್ಷಣೆ. ಈ ಸುಖವನ್ನು ಪೂರ್ತಿಯಾಗಿ ಅನುಭವಿಸಬೇಕಾದರೆ ಅದಕ್ಕೆ ಮೊದಲು ಮೂರು ಹೋಟೆಲ್‌ಗಳಲ್ಲೂ ಆಮೇಲೆ ನಾಲ್ಕು ಹೋಟೆಲ್‌ಗಳಲ್ಲೂ ಅದನ್ನು ಬಿಚ್ಚಿ ಕಟ್ಟಿರಬೇಕು. ಎರಡನೆಯ ಮಾತು ತಿಂಡಿಯದು. ಐಂದ್‌ಹೋವನ್‌ನಲ್ಲೋ ಮ್ಯೂನಿಕ್‌ನಲ್ಲೋ ಅಕ್ಕನ ಮಗನೊಬ್ಬ ಇದ್ದೇ ಇರುತ್ತಾನೆ, ಉತ್ತರಾಂಗದಲ್ಲಿ ಅವನ ಮನೆಯ ಸೋಫಾ ಮೇಲೆ ಎರಡು ರಾತ್ರಿ ಕಡ್ಡಾಯ. ಅವನಿಗಾಗಿ ತುಪ್ಪ, ಧಾರವಾಡ ಪೇಡೆ ಒಯ್ಯುವಂತಿಲ್ಲ. ಹೊರದೇಶಗಳಿಂದ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಹುಳಿಪುಡಿ, ಚಟ್ನಿಪುಡಿ ಒಯ್ಯಬಹುದು. ಅವು ಪೂರ್ವಾಂಗದ ಹೋಟೆಲ್‌ಗಳಲ್ಲೇ ಮುಗಿದುಹೋಗಿ ಅಕ್ಕನ ಮಗನವರೆಗೆ ತಲುಪುವುದಿಲ್ಲ. ಅದರ ಬದಲಿಗೆ ಅವನಿಗೆ ಪ್ರಾಗ್‌ನ ಫ್ರಿಜ್ ಮ್ಯಾಗ್ನೆಟ್ ಕೊಟ್ಟರೆ ಶಾಸ್ತ್ರವಿರೋಧವಿಲ್ಲ. ಅವನು ಪ್ರಾಗ್‌ಗೆ ಈಗಾಗಲೇ ನಾಲ್ಕು ಸಲ ಹೋಗಿಬಂದಿರುತ್ತಾನೆ, ಹೇಳುವುದಿಲ್ಲ.

ಪ್ರಧಾನಾಂಗ ಮುಗಿಯುವುದಕ್ಕೂ ಉತ್ತರಾಂಗ ಹಿಡಿಯುವುದಕ್ಕೂ ನಡುವೆ ಒಂದು ಸಂಧಿಕಾಲವಿದೆ. ಮುಂದಿನ ತಂಡಕ್ಕೆ ಹಾಸಿಗೆ ಹಾಸಬೇಕಾದ್ದರಿಂದ ಹಡಗಿನವರು ಬೆಳಿಗ್ಗೆ 9ರೊಳಗೆ ಕೋಣೆ ಖಾಲಿ ಮಾಡಿಸುತ್ತಾರೆ. ಹೋಟೆಲ್‌ನವರು ಮಧ್ಯಾಹ್ನ 3ರವರೆಗೆ ಕೋಣೆ ಕೊಡುವುದಿಲ್ಲ. ಈ ಆರು ಗಂಟೆಗಳಲ್ಲಿ ಯಾತ್ರಿಕನು ಯಾವ ಅಂಗಕ್ಕೂ ಸೇರದೆ, ಕಲ್ಲುಹಾಸಿನ ಬೀದಿಯಲ್ಲಿ ಸೂಟ್‌ಕೇಸಿನ ಗಾಲಿ ಕಟಕಟಿಸುತ್ತ ಸಂಚರಿಸುತ್ತಾನೆ. ನಿನ್ನೆ ರಾತ್ರಿಯವರೆಗೆ ಹೆಸರು ಹಿಡಿದು ಕರೆದು, ನ್ಯಾಪ್ಕಿನ್ ಮಡಚಿಕೊಟ್ಟವರು ಇಂದು ಕೈಬೀಸಿ ಒಳಗೆ ಹೋಗಿದ್ದಾರೆ. ಯುರೋಪಿನ ಚರಿತ್ರೆಯಲ್ಲಿ ಸಾಮ್ರಾಜ್ಯಗಳು ಹೇಗೆ ಬಿದ್ದವು ಎಂಬುದನ್ನು ತಿಳಿಯಲು ಇದಕ್ಕಿಂತ ಪ್ರಶಸ್ತವಾದ ಸಮಯ ಸಿಗದು.

ಉತ್ತರಾಂಗದ ಮೊದಲ ಕರ್ತವ್ಯ ಹೊಟ್ಟೆಯದು. ವಾರವಿಡೀ ಹಡಗಿನಲ್ಲಿ ಮೂರು ಹೊತ್ತು ಚೀಸ್ ಸೇವಿಸಿದವರು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು ಅನ್ನ, ತಿಳಿಸಾರು ಮಾಡಿಕೊಳ್ಳಬೇಕು. ಎರಡನೆಯ ಕರ್ತವ್ಯ ಬುಡಾಪೆಸ್ಟ್. ಒಂದು ಊರಿಗೆ ಎರಡು ದಿನ ಎಂಬುದು ಸಾಮಾನ್ಯ ನಿಯಮ. ಆದರೆ ಬುಡಾಪೆಸ್ಟ್ ಎಂಬುದು ಬುಡಾ, ಓಬುಡಾ, ಪೆಸ್ಟ್ ಎಂಬ ಮೂರು ಊರುಗಳು 1873ರಲ್ಲಿ ಸೇರಿ ಆದದ್ದು. ಆದ್ದರಿಂದ ಆರು ದಿನ. ಇದರಲ್ಲಿ ಒಂದು ದಿನವನ್ನು 1913ರಲ್ಲಿ ತೆರೆದ ಸೆಚೆನಿ ಬಿಸಿನೀರಿನ ಕೊಳಗಳಿಗೆ ಮೀಸಲಿಡಬೇಕು. ಇಡೀ ನದಿಯಾತ್ರೆಯಲ್ಲಿ ಯಾತ್ರಿಕನ ಮೈಗೆ ನೀರು ಸೋಕುವ ಸಂದರ್ಭ ಇದೊಂದೇ.

ಮೂರನೆಯದು ವಿಲೋಮಯಾನ. ಹಡಗು ವಿಯೆನ್ನಾಗೆ ಒಂದು ದಿನ ಕೊಟ್ಟಿರುತ್ತದೆ. ಅದರಲ್ಲೂ ದೊಡ್ಡ ಡ್ಯಾನ್ಯೂಬ್ ಹಳೆಯ ಪಟ್ಟಣದ ಒಳಗೆ ಹರಿಯುವುದಿಲ್ಲ. 1870ರ ದಶಕದಲ್ಲಿ ಪ್ರವಾಹದ ಕಾಟಕ್ಕೆ ನದಿಯನ್ನು ನೇರಗೊಳಿಸಿ ಹೊಸ ಪಾತ್ರಕ್ಕೆ ತಿರುಗಿಸಿದರು, ಪಟ್ಟಣದ ಮಗ್ಗುಲಲ್ಲಿರುವುದು ಕಾಲುವೆ ಎಂದು ಕರೆಸಿಕೊಳ್ಳುವ ಸಣ್ಣ ಕವಲು. ಹೀಗೆ ವಿಯೆನ್ನಾ ಸಾಲದೆ ಹೋದವರು ಬುಡಾಪೆಸ್ಟ್‌ನಲ್ಲಿ ಇಳಿದ ಮೇಲೆ ಮತ್ತೆ ವಿಯೆನ್ನಾಗೆ ರೈಲು ಹತ್ತುತ್ತಾರೆ. ಸುಮಾರು ಎರಡೂವರೆ ಗಂಟೆ ಹಾದಿ. ಅಲ್ಲಿಂದ ಬ್ರಾತಿಸ್ಲಾವಾ ಒಂದು ಗಂಟೆ, ಅದನ್ನೂ ಇನ್ನೊಮ್ಮೆ. ಆಮೇಲೆ ವಿಮಾನ ಮ್ಯೂನಿಕ್‌ನಿಂದ ಇರುವುದರಿಂದ ಪಸ್ಸಾವ್ ಮೂಲಕ ಮೇಲಕ್ಕೆ. ಪಸ್ಸಾವ್‌ನಿಂದ ಬುಡಾಪೆಸ್ಟ್‌ವರೆಗೆ ನದಿಯ ಮೇಲೆ ಸುಮಾರು 580 ಕಿ.ಮೀ. ಹಡಗು ವಾರ ಹಿಡಿದ ದಾರಿಯನ್ನು ರೈಲು ಐದು ಗಂಟೆ ಚಿಲ್ಲರೆಯಲ್ಲಿ ಉಲ್ಟಾ ಮುಗಿಸುತ್ತದೆ, ಅದೂ ಹಗಲಿನಲ್ಲಿ, ಕಿಟಕಿಗೆ ಕಾಂಕ್ರೀಟ್ ಅಡ್ಡವಿಲ್ಲದೆ. ಇದಕ್ಕೆ ನದಿಯ ಸಮ್ಮತಿಯೂ ಇದೆ. ರೈನ್ ನದಿಯ ಕಿಲೋಮೀಟರನ್ನು ಮೇಲಿನಿಂದ ಕೆಳಕ್ಕೆ ಎಣಿಸುವುದು ರೂಢಿಯಾದರೆ, ಡ್ಯಾನ್ಯೂಬಿನದನ್ನು ಕಪ್ಪು ಸಮುದ್ರದ ಬಾಯಿಯಿಂದ ಮೂಲದ ಕಡೆಗೆ ಎಣಿಸುತ್ತಾರೆ. ಅಧಿಕಾರಿಗಳ ಲೆಕ್ಕದಲ್ಲಿ ಡ್ಯಾನ್ಯೂಬ್ ಶುರುವಾಗುವುದೇ ಮುಗಿಯುವ ಕಡೆಯಿಂದ.

ಕೊನೆಯದಾಗಿ ನೀರಿನ ವಿಷಯ. ನದಿಯಾತ್ರೆಯಲ್ಲಿ ನೀರಿನ ಪಾತ್ರವೂ ಇದೆ ಎಂಬುದನ್ನು ಕೆಲವರು ಬೊಟ್ಟುಮಾಡಿದ್ದಾರೆ. ರೈನ್ ಮೇಲಿನ ಕೌಬ್ ಎಂಬಲ್ಲಿನ ಅಳತೆಪಟ್ಟಿ 2018ರ ಅಕ್ಟೋಬರ್‌ನಲ್ಲಿ 25 ಸೆಂ.ಮೀ. ತೋರಿಸಿತು. ಅದು ನದಿಯ ಆಳವಲ್ಲ, ಪಟ್ಟಿಯ ಅಂಕಿ. ಹಡಗು ಸಾಗುವ ದಾರಿಯಲ್ಲಿ ಅದಕ್ಕಿಂತ ಮೀಟರಿನಷ್ಟು ಹೆಚ್ಚು ನೀರಿರುತ್ತದೆ. 2022ರ ಬೇಸಿಗೆಯಲ್ಲೂ ಇದೇ ಪಾಡಾಯಿತು. ಅತ್ತ ಪಸ್ಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರೂ ಕೂಡುವುದರಿಂದ 2013ರ ಜೂನ್‌ನಲ್ಲಿ ನೀರು 12.89 ಮೀಟರಿಗೆ ಏರಿ ಐನೂರು ವರ್ಷಗಳ ದಾಖಲೆ ಮುರಿಯಿತು. ನೀರು ಕಡಿಮೆಯಾದರೆ ಹಡಗಿನ ತಳ ತಾಗುತ್ತದೆ, ಹೆಚ್ಚಾದರೆ ಸೇತುವೆಗೆ ತಲೆ ತಾಗುತ್ತದೆ. ಎರಡೂ ಸಂದರ್ಭದಲ್ಲಿ ಕ್ರಮ ಒಂದೇ: ಹಡಗನ್ನು ಕಟ್ಟಿಹಾಕಿ ಯಾತ್ರಿಕರನ್ನು ಬಸ್ಸು ಹತ್ತಿಸುವುದು. ಅಡಚಣೆಯ ಆಚೆ ಕಡೆ ಅದೇ ನಮೂನೆಯ ಇನ್ನೊಂದು ಹಡಗು ನಿಂತಿದ್ದರೆ ಅಲ್ಲಿಗೆ ಸಾಗಿಸುತ್ತಾರೆ, ಆ ಹಡಗಿನವರು ಇಲ್ಲಿಗೆ ಬರುತ್ತಾರೆ. ಎರಡು ಬಸ್ಸುಗಳು ಹೆದ್ದಾರಿಯಲ್ಲಿ ಎದುರುಬದುರಾದಾಗ ಕೈಬೀಸುವುದು ಸಂಪ್ರದಾಯ.

ಅರಿಯದವರು ಇದನ್ನು ಕ್ರೂಸ್ ಕೆಟ್ಟಿತು ಎನ್ನುತ್ತಾರೆ. ಬಲ್ಲವರಿಗೆ ಇದು ಶಾಸ್ತ್ರದ ಅದ್ವೈತ ಸ್ಥಿತಿ. ಹಡಗಿಗೆ ಮೊದಲು ಬಸ್ಸು, ಹಡಗಿನ ನಂತರ ಬಸ್ಸು, ಹಡಗಿನ ಬದಲೂ ಬಸ್ಸು. ನಡುವೆ ಅಡ್ಡವಾಗಿದ್ದ ನದಿ ಕರಗಿಹೋಗಿ ಪೂರ್ವಾಂಗವೂ ಉತ್ತರಾಂಗವೂ ಒಂದಾಗಿವೆ. ಹೀಗೆ ತೊಂದರೆಯಾದವರಿಗೆ ಮುಂದಿನ ಕ್ರೂಸ್‌ಗೆ ರಿಯಾಯಿತಿ ಕೂಪನ್ ಕೊಡುವ ಪದ್ಧತಿಯೂ ಇದೆ. ಅದನ್ನು ನಿರಾಕರಿಸಬಾರದು. ಕೂಪನ್‌ಗೆ ಸಹಿ ಹಾಕಿದ ಗಳಿಗೆಯಿಂದ ಪ್ರಾಗ್, ಪಸ್ಸಾವ್, ಎರಡು ಸಲ ನೋಡಿದ ವಿಯೆನ್ನಾ, ಮೂರು ಊರುಗಳ ಬುಡಾಪೆಸ್ಟ್, ಕಟ್ಟಿಹಾಕಿದ ಹಡಗು, ಅಕ್ಕನ ಮಗನ ಸೋಫಾ ಎಲ್ಲವೂ ಸೇರಿ ಮುಂದಿನ ಕ್ರೂಸ್‌ನ ಪೂರ್ವಾಂಗ ಎಂದು ಪರಿಗಣಿಸಲ್ಪಡುತ್ತವೆ. ಖರ್ಚಿನ ಲೆಕ್ಕವನ್ನೂ ಅದೇ ತಲೆಬರಹದ ಅಡಿಯಲ್ಲಿ ಬರೆದುಕೊಳ್ಳತಕ್ಕದ್ದು.